ವಿಮಾನ ರದ್ದಾದ ದಿನ

ಬಸವಕಲ್ಯಾಣದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗಳು ಬಿ.ಎಸ್‌ಸಿ. ಮುಗಿಸಿದ್ದಾಳೆ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಎಂ.ಎಸ್‌ಸಿ. ಪ್ರವೇಶಕ್ಕೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನ. ಅಪ್ಪ ಸೋಯಾ ಮಾರಿದ ದುಡ್ಡಿನಲ್ಲಿ ಒಂದು ಭಾಗ ತೆಗೆದಿಟ್ಟು, ಮಗಳು ದಣಿಯದೆ ಹೋಗಿ ಮುಟ್ಟಲೆಂದು ಬೀದರ್‌ನಿಂದ ವಿಮಾನದ ಟಿಕೆಟ್ ಮಾಡಿಸಿದ್ದಾರೆ. ಮನೆಯಲ್ಲಿ ವಿಮಾನ ಹತ್ತುವವರಲ್ಲಿ ಇಬ್ಬರೂ ಮೊದಲಿಗರು. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ. ಕೋಳಿ ಕೂಗುವ ಮೊದಲೇ ಬಾಡಿಗೆ ಜೀಪು ಹೊರಟು, ಹುಮನಾಬಾದ್ ದಾಟಿ, ಸುಮಾರು 80 ಕಿಲೋಮೀಟರ್ ದೂರದ ಬೀದರ್ ಮುಟ್ಟಿದೆ. ನಿಲ್ದಾಣದ ಬಾಗಿಲಲ್ಲಿ ಸಿಬ್ಬಂದಿಯೊಬ್ಬರು ಟಿಕೆಟ್ ನೋಡಿ ಹೇಳುತ್ತಾರೆ: 'ಇವತ್ತಿನ ವಿಮಾನ ರದ್ದಾಗ್ಯಾದ್ರಿ. ನಿನ್ನೆ ರಾತ್ರೀನೇ ಮೆಸೇಜ್ ಕಳಿಸೀವಲ್ರಿ.'

ಮೆಸೇಜ್ ಹೋಗಿದ್ದೇನೋ ನಿಜ. ಹೋಗಿದ್ದು ಟಿಕೆಟ್ ಮಾಡಿಕೊಟ್ಟ ಅಂಗಡಿಯವರ ಫೋನಿಗೆ. ರಾತ್ರಿ ಅಂಗಡಿ ಮುಚ್ಚಿತ್ತು.

ಇಂಥ ಗಳಿಗೆಯಲ್ಲಿ ಸಾಮಾನ್ಯವಾಗಿ ಆಗುವುದು ಎರಡು. ಒಂದು, ಕೌಂಟರಿನ ಮುಂದೆ ಗದ್ದಲ. ಇನ್ನೊಂದು, ತಲೆಯ ಮೇಲೆ ಕೈಹೊತ್ತು ಕೂರುವುದು. ಎರಡರಿಂದಲೂ ಬೆಂಗಳೂರು ಒಂದು ಮೈಲಿಯೂ ಹತ್ತಿರ ಬರುವುದಿಲ್ಲ. ಕೈಯಲ್ಲಿ ಇನ್ನೂ ಇಪ್ಪತ್ತನಾಲ್ಕು ಗಂಟೆ ಇದೆ. ಅದನ್ನು ಹೇಗೆ ಬಳಸಬೇಕು ಎಂಬುದೇ ಈ ವಾರದ ವಿಷಯ.

ಒಂದೇ ವಿಮಾನದ ಊರು

ದೊಡ್ಡ ನಗರದಲ್ಲಿ ಒಂದು ವಿಮಾನ ರದ್ದಾದರೆ ಮತ್ತೊಂದು ಸಂಸ್ಥೆಯ ವಿಮಾನ ಇರುತ್ತದೆ. ಬೆಂಗಳೂರಿನಿಂದ ದೆಹಲಿಗೆ ದಿನಕ್ಕೆ ಹತ್ತಾರು ಹಾರಾಟ. ಸಣ್ಣ ನಿಲ್ದಾಣದ ಮಾತು ಹಾಗಲ್ಲ. ಅಲ್ಲಿ ವಿಮಾನ ತಪ್ಪಿದರೆ ಆ ದಿನವೇ ತಪ್ಪಿದಂತೆ.

ಬೀದರ್‌ನ ವಾಯುನೆಲೆ ಹಳೆಯದು. ಭಾರತೀಯ ವಾಯುಪಡೆಯ ಪೈಲಟ್‌ಗಳು ತರಬೇತಿ ಪಡೆಯುವ ಜಾಗ ಅದು. ಸೂರ್ಯಕಿರಣ ತಂಡದ ನೆಲೆಯೂ ಹೌದು. ಅದರ ಪಕ್ಕದಲ್ಲಿ ನಾಗರಿಕ ವಿಮಾನ ನಿಲ್ದಾಣ ಆರಂಭವಾದದ್ದು 2020ರ ಫೆಬ್ರುವರಿಯಲ್ಲಿ. ಸಣ್ಣ ಊರುಗಳಿಗೂ ವಿಮಾನ ಮುಟ್ಟಬೇಕೆಂಬ ಕೇಂದ್ರ ಸರ್ಕಾರದ 'ಉಡಾನ್' ಯೋಜನೆಯಲ್ಲಿ ಬೆಂಗಳೂರು–ಬೀದರ್ ಹಾರಾಟ ಶುರುವಾಯಿತು. ಆ ಮೊದಲ ಸಂಸ್ಥೆ ಕೆಲವೇ ವರ್ಷಗಳಲ್ಲಿ ಹಾರಾಟ ನಿಲ್ಲಿಸಿತು. 2022ರ ಜೂನ್‌ನಲ್ಲಿ ಮತ್ತೊಂದು ಸಂಸ್ಥೆ ಬಂತು. 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು.

ಹೀಗೆ ನಿಂತು ಶುರುವಾಗುವುದಕ್ಕೆ ಕಾರಣವಿದೆ. ಸಣ್ಣ ಊರಿನ ಹಾರಾಟಕ್ಕೆ ಸೀಟು ತುಂಬದಿದ್ದರೂ ನಷ್ಟ ತುಂಬಿಕೊಡಲು ಉಡಾನ್ ಯೋಜನೆಯಲ್ಲಿ ಸರ್ಕಾರದ ಸಹಾಯಧನ ಉಂಟು. ಅದು ಒಂದು ಮಾರ್ಗಕ್ಕೆ ಮೂರು ವರ್ಷದ ಮಟ್ಟಿಗೆ ಮಾತ್ರ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಜೊತೆಗೆ ಸಣ್ಣ ಸಂಸ್ಥೆಗಳ ಬಳಿ ಇರುವ ವಿಮಾನಗಳೇ ಕಡಿಮೆ. ಒಂದೇ ವಿಮಾನ ಬೆಳಿಗ್ಗೆಯಿಂದ ಸಂಜೆವರೆಗೆ ನಾಲ್ಕಾರು ಊರು ಸುತ್ತುತ್ತದೆ. ಬೆಳಿಗ್ಗೆ ಒಂದು ಊರಿನಲ್ಲಿ ಮಂಜು ಕವಿದು ಒಂದು ಗಂಟೆ ತಡವಾದರೆ, ಮಧ್ಯಾಹ್ನದ ಊರಿಗೆ ಎರಡು ಗಂಟೆ ತಡವಾಗಬಹುದು. ಸಂಜೆ ಪೈಲಟ್‌ನ ಕೆಲಸದ ಅವಧಿಯೇ ಮುಗಿದು ಕೊನೆಯ ಊರಿನ ವಿಮಾನ ರದ್ದಾಗಬಹುದು. ಬೀದರ್‌ನಲ್ಲಿ ಬಿಸಿಲು ಚೆನ್ನಾಗಿದೆ, ಆದರೂ ವಿಮಾನ ಯಾಕೆ ಇಲ್ಲ ಎಂಬ ಪ್ರಶ್ನೆಗೆ ಉತ್ತರ ಹಲವು ಸಲ ಬೇರೆ ಊರಿನ ಆಕಾಶದಲ್ಲಿರುತ್ತದೆ.

ಆದ್ದರಿಂದ ಇಂಥ ಊರಿನವರು ಟಿಕೆಟ್ ಮಾಡಿಸುವ ದಿನವೇ ಎರಡನೆಯ ದಾರಿಯನ್ನೂ ಗೊತ್ತುಮಾಡಿಟ್ಟುಕೊಳ್ಳಬೇಕು.

ಮೊದಲ ಒಂದು ಗಂಟೆ

ವಿಮಾನ ಇಲ್ಲವೆಂದು ತಿಳಿದ ಕೂಡಲೇ ಕೇಳಬೇಕಾದ ಪ್ರಶ್ನೆಗಳು ಮೂರು. ಒಂದು, ವಿಮಾನ ರದ್ದಾಗಿದೆಯೋ ಇಲ್ಲವೇ ತಡವೋ? ಎರಡು, ಕಾರಣವೇನು? ಮೂರು, ಸಂಸ್ಥೆ ಬೇರೆ ಯಾವ ವಿಮಾನ ಕೊಡುತ್ತದೆ, ಎಷ್ಟು ಹೊತ್ತಿಗೆ? ಈ ಮೂರಕ್ಕೂ ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಬಂದ ಮೆಸೇಜನ್ನು ಅಳಿಸಬಾರದು. ಮೆಸೇಜ್ ಬಂದಿಲ್ಲವಾದರೆ ಕೌಂಟರಿನಲ್ಲಿ ರದ್ದಾದ ಬಗ್ಗೆ ಒಂದು ಪತ್ರ ಕೇಳಬೇಕು. ಸಂದರ್ಶನಕ್ಕೆ ತಡವಾಗಿ ಹೋದರೆ ಆ ಕಾಗದವೇ ಸಾಕ್ಷಿ.

ಫೋನಿನಲ್ಲಿ ಸಂಸ್ಥೆಯಿಂದ ಬರುವ ಕೊಂಡಿಯನ್ನು ಒತ್ತಿದರೆ ಸಾಮಾನ್ಯವಾಗಿ ಎರಡು ಆಯ್ಕೆ ಕಾಣುತ್ತವೆ: ಹಣ ವಾಪಸ್, ಅಥವಾ ಬೇರೆ ವಿಮಾನ. ಸಿಟ್ಟಿನಲ್ಲಿ ಅನೇಕರು ಮೊದಲನೆಯದನ್ನು ಒತ್ತಿಬಿಡುತ್ತಾರೆ. ಹಣ ವಾಪಸ್ ಎಂದು ಒಪ್ಪಿಕೊಂಡ ಮೇಲೆ ಮುಂದಿನ ಪ್ರಯಾಣದ ಹೊಣೆ ಸಂಸ್ಥೆಯ ಮೇಲೆ ಉಳಿಯುವುದಿಲ್ಲ. ಅಪ್ಪ ಫೋನು ತೆಗೆದಾಗ ಮಗಳು ತಡೆಯುವುದು ಇಲ್ಲಿಯೇ: 'ಅಪ್ಪಾಜಿ, ಒಂದ್ ನಿಮಿಷ ತಡೀರಿ. ರೊಕ್ಕ ಎಲ್ಲಿಗೂ ಹೋಗಂಗಿಲ್ಲ. ಮೊದ್ಲ ಬ್ಯಾರೆ ವಿಮಾನ ಕೊಡ್ತಾರೇನು ಕೇಳೋಣ್ರಿ.'

ಬೇರೆ ವಿಮಾನ ಎರಡು ದಿನ ಬಿಟ್ಟು ಎಂದರೆ ಅದರಿಂದ ಉಪಯೋಗವಿಲ್ಲ. ಆಗ ಭೂಪಟ ತೆಗೆಯಬೇಕು.

ಈ ವಿಷಯದಲ್ಲಿ ಹುಮನಾಬಾದ್ ಅದೃಷ್ಟದ ಊರು. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಅಲ್ಲಿ ಸೇರುತ್ತವೆ. ಉತ್ತರಕ್ಕೆ ಬೀದರ್ ಸುಮಾರು 50 ಕಿಲೋಮೀಟರ್. ದಕ್ಷಿಣಕ್ಕೆ ಕಲಬುರಗಿ ಅರವತ್ತು ಚಿಲ್ಲರೆ. ಪೂರ್ವಕ್ಕೆ ಜಹೀರಾಬಾದ್ ದಾಟಿ ಹೋದರೆ ಹೈದರಾಬಾದ್. ಅಲ್ಲಿ 2008ರಲ್ಲಿ ಶುರುವಾದ ಶಂಷಾಬಾದ್ ನಿಲ್ದಾಣದಿಂದ ಬೆಂಗಳೂರಿಗೆ ದಿನವಿಡೀ ವಿಮಾನಗಳಿವೆ. ಕಾರಿನಲ್ಲಿ ಮೂರು ಗಂಟೆಯ ಮೇಲಿನ ದಾರಿ. ಹೈದರಾಬಾದ್‌ನ ವಾಹನ ಸಂದಣಿಗೆಂದು ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಬೇಕು. ಕೊನೆ ಗಳಿಗೆಯ ಟಿಕೆಟ್ ದುಬಾರಿ ಎಂಬುದನ್ನೂ ಮರೆಯುವಂತಿಲ್ಲ.

ರೈಲಿನ ದಾರಿಯೂ ಇದೆ. ಬೀದರ್‌ನಿಂದ ಯಶವಂತಪುರಕ್ಕೆ ಸಂಜೆ ಹೊರಡುವ ರೈಲು ಮರುದಿನ ಬೆಳಿಗ್ಗೆ ಮುಟ್ಟುತ್ತದೆ. ಬೀದರ್–ಕಲಬುರಗಿ ನಡುವಿನ 110 ಕಿಲೋಮೀಟರ್ ಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಮೇಲೆ ಹುಮನಾಬಾದ್‌ಗೂ ರೈಲು ಬಂದಿದೆ. ಕಲಬುರಗಿ ತಲುಪಿದರೆ ಮುಂಬೈ, ದೆಹಲಿ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲುಗಳು ಸಿಗುತ್ತವೆ. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ಬೆಳಗಿನ ಜಾವ ಕಲಬುರಗಿ ಬಿಟ್ಟು ಮಧ್ಯಾಹ್ನ ಬೆಂಗಳೂರು ಸೇರುತ್ತದೆ. ಮರುದಿನ ಮಧ್ಯಾಹ್ನದ ನಂತರ ಕೆಲಸ ಇದ್ದವರಿಗೆ ಅನುಕೂಲ, ಬೆಳಿಗ್ಗೆ ಹತ್ತರ ಸಂದರ್ಶನಕ್ಕೆ ಅಲ್ಲ.

ರೈಲಿನಲ್ಲಿ ಒಂದು ತೊಡಕಿದೆ. ತತ್ಕಾಲ್ ಟಿಕೆಟ್ ಶುರುವಾಗುವುದು ರೈಲು ಹೊರಡುವ ಹಿಂದಿನ ದಿನ, ಎ.ಸಿ. ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದುದಕ್ಕೆ 11ಕ್ಕೆ. ಅಂದೇ ಹೊರಡಬೇಕಾದವರಿಗೆ ಆ ಬಾಗಿಲು ನಿನ್ನೆಯೇ ತೆರೆದು ಮುಚ್ಚಿರುತ್ತದೆ. ಮೊದಲ ಪಟ್ಟಿ ತಯಾರಾದ ಮೇಲೆ ಉಳಿದ ಸೀಟು ಇದ್ದರೆ ಮಾತ್ರ ಸಿಗುತ್ತದೆ. ಆದ್ದರಿಂದ ಕೊನೆಗೆ ಕೈಹಿಡಿಯುವುದು ಹಲವು ಸಲ ರಾತ್ರಿ ಬಸ್ಸೇ. ಸೀಟು ಕಾಯ್ದಿರಿಸುವ ಕೆಲಸವನ್ನು ಬೀದರ್‌ನ ನಿಲ್ದಾಣದಲ್ಲಿ ನಿಂತಾಗಲೇ ಮುಗಿಸಬೇಕು. ಮನೆಗೆ ಹೋಗಿ ಉಂಡು ಯೋಚನೆ ಮಾಡೋಣ ಎಂದವರಿಗೆ, ಅದೇ ವಿಮಾನ ತಪ್ಪಿದ ಉಳಿದ ಪ್ರಯಾಣಿಕರು ಸೀಟು ಉಳಿಸಿರುವುದಿಲ್ಲ.

ಕಾನೂನು ಏನು ಹೇಳುತ್ತದೆ

ವಿಮಾನ ರದ್ದಾದಾಗ, ತಡವಾದಾಗ ಪ್ರಯಾಣಿಕರಿಗೆ ಏನು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2010ರಲ್ಲಿಯೇ ನಿಯಮ ಮಾಡಿದೆ. ಮುಂದೆ ಅದಕ್ಕೆ ತಿದ್ದುಪಡಿಗಳೂ ಆಗಿವೆ. ಪ್ರಯಾಣದ ಮೊದಲು ಇಲಾಖೆಯ ಜಾಲತಾಣದಲ್ಲಿ ಒಮ್ಮೆ ಓದಿಕೊಳ್ಳುವುದು ಲೇಸು. ಮುಖ್ಯ ಅಂಶಗಳು ಇವು.

ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಆಯ್ಕೆ ಪ್ರಯಾಣಿಕರದು. ಹೊರಡುವ 24 ಗಂಟೆಗೂ ಮೊದಲೇ ತಿಳಿಸಿದ್ದರೆ ಇಷ್ಟೇ. ಹಾಗೆ ತಿಳಿಸದೆ ರದ್ದು ಮಾಡಿದರೆ ಇದರ ಮೇಲೆ ಪರಿಹಾರವೂ ಉಂಟು. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000. ಆದರೆ ಇಲ್ಲೊಂದು ಲೆಕ್ಕವಿದೆ. ಈ ಮೊತ್ತ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಿಗುತ್ತದೆ. ಬೀದರ್–ಬೆಂಗಳೂರು ಹಾರಾಟ ಒಂದರಿಂದ ಎರಡು ಗಂಟೆಯ ಒಳಗಿನದು. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 3,000 ರೂಪಾಯಿ ಆಗಿದ್ದರೆ ಸಿಗುವ ಪರಿಹಾರ 3,000, 7,500 ಅಲ್ಲ.

ಹವಾಮಾನ, ನೈಸರ್ಗಿಕ ವಿಕೋಪ, ಭದ್ರತೆಯ ಕಾರಣ, ಮುಷ್ಕರ, ವಿಮಾನ ಸಂಚಾರ ನಿಯಂತ್ರಣದ ಅಡಚಣೆ ಮುಂತಾಗಿ ಸಂಸ್ಥೆಯ ಕೈಮೀರಿದ ಕಾರಣಕ್ಕೆ ರದ್ದಾದರೆ ಪರಿಹಾರ ಇಲ್ಲ. ಕಾರಣವನ್ನು ಬರವಣಿಗೆಯಲ್ಲಿ ಕೇಳಬೇಕು ಎಂದದ್ದು ಇದಕ್ಕೇ. ಆದರೆ ಕಾರಣ ಯಾವುದೇ ಇರಲಿ, ಟಿಕೆಟಿನ ಹಣ ಅಥವಾ ಬೇರೆ ವಿಮಾನದ ಹಕ್ಕು ಹೋಗುವುದಿಲ್ಲ.

ವಿಮಾನ ತಡವಾದರೆ ನಿಯಮ ಬೇರೆ. ಎರಡೂವರೆ ಗಂಟೆಯ ಒಳಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ, ಸಮಯಕ್ಕೆ ಹಾಜರಾದ ಪ್ರಯಾಣಿಕರಿಗೆ ಊಟ ತಿಂಡಿ ಕೊಡಬೇಕು. ದೇಶದೊಳಗಿನ ಹಾರಾಟ ಆರು ಗಂಟೆಗೂ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ 3ರ ನಡುವೆ ಹೊರಡಬೇಕಾದ ವಿಮಾನ ಆರು ಗಂಟೆ ಮೀರಿ ತಡವಾದರೆ ವಸತಿಯೂ ಕೊಡಬೇಕು.

ಬಸವಕಲ್ಯಾಣದ ಕುಟುಂಬಕ್ಕೆ ತಟ್ಟುವ ನಿಯಮ ಇನ್ನೊಂದಿದೆ. ಟಿಕೆಟ್ ಮಾಡಿಸುವಾಗ ತನ್ನನ್ನು ಸಂಪರ್ಕಿಸಲು ಬೇಕಾದ ವಿವರವನ್ನು ಪ್ರಯಾಣಿಕ ಸರಿಯಾಗಿ ಕೊಟ್ಟಿರದಿದ್ದರೆ ಪರಿಹಾರ ಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಟಿಕೆಟ್ ಮಾಡಿಸುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. 'ನಂಬರ್ ನಮ್ದೇ ಹಾಕೀನ್ರಿ, ಚಿಂತಿ ಬ್ಯಾಡ' ಎಂದರೆ ಚಿಂತೆ ಅಲ್ಲಿಂದಲೇ ಶುರು. ಮಗಳ ನಂಬರು ಹಾಕಿಸಿ, ಟಿಕೆಟ್ ಕೈಗೆ ಬಂದ ಮೇಲೆ ಸಂಸ್ಥೆಯ ಜಾಲತಾಣದಲ್ಲಿ ಆ ನಂಬರು ಇದೆಯೇ ಎಂದು ನೋಡಬೇಕು. ಹಿಂದಿನ ರಾತ್ರಿ ಮಲಗುವ ಮೊದಲೊಮ್ಮೆ, ಮನೆ ಬಿಡುವ ಮೊದಲೊಮ್ಮೆ ವಿಮಾನದ ಸ್ಥಿತಿ ಪರೀಕ್ಷಿಸಬೇಕು. ಎರಡು ನಿಮಿಷದ ಈ ಕೆಲಸ 80 ಕಿಲೋಮೀಟರ್ ಜೀಪಿನ ಬಾಡಿಗೆ ಉಳಿಸೀತು. ಅದಕ್ಕಿಂತ ಹೆಚ್ಚಾಗಿ ಒಂದು ರಾತ್ರಿ ಉಳಿಸೀತು. ಮೆಸೇಜ್ ರಾತ್ರಿ ಒಂಬತ್ತಕ್ಕೆ ಸಿಕ್ಕಿದ್ದರೆ ಬೆಳಿಗ್ಗೆ ಶಂಷಾಬಾದ್‌ನ ದಾರಿ ಹಿಡಿಯಬಹುದಿತ್ತು.

ಅಂಗಡಿಯ ಮೂಲಕ ಮಾಡಿಸಿದ ಟಿಕೆಟಿನ ಹಣ ವಾಪಸ್ ಬರುವ ಹೊಣೆಯೂ ವಿಮಾನ ಸಂಸ್ಥೆಯದೇ ಎಂದು ಇಲಾಖೆ ಹೇಳಿದೆ. ಹಣ ಬರದಿದ್ದರೆ ಮೊದಲು ಸಂಸ್ಥೆಗೆ, ನಂತರ ಕೇಂದ್ರದ 'ಏರ್ ಸೇವಾ' ವ್ಯವಸ್ಥೆಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು.

ಎರಡು ಟಿಕೆಟ್ ಇದ್ದಾಗ

ಬೀದರ್‌ನಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ವಿದೇಶಕ್ಕೋ ದೆಹಲಿಗೋ ಮತ್ತೊಂದು ಟಿಕೆಟ್ ಎಂದು ಬೇರೆ ಬೇರೆಯಾಗಿ ಮಾಡಿಸುವವರು ಉಂಟು. ಅಗ್ಗ ಬೀಳುತ್ತದೆ. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ಅದು ಪ್ರಯಾಣಿಕ ಹಾಜರಾಗದ ತಪ್ಪು. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ಊರು ಮುಟ್ಟಿಸುವ ಹೊಣೆ ಸಂಸ್ಥೆಯ ಮೇಲೆ ಇರುತ್ತದೆ. ಹೊರದೇಶಕ್ಕೆ ಓದಲು ಹೋಗುವವರು ಒಂದೇ ಟಿಕೆಟ್ ಮಾಡಿಸಬೇಕು. ಆಗದಿದ್ದರೆ ಒಂದು ದಿನ ಮೊದಲೇ ದೊಡ್ಡ ನಗರ ಸೇರಿಕೊಳ್ಳಬೇಕು.

ಪರೀಕ್ಷೆ ಕಾಯುವುದಿಲ್ಲ

2019ರ ಮೇ 5ರಂದು ನಡೆದದ್ದು ಉತ್ತರ ಕರ್ನಾಟಕದ ಅನೇಕ ಮನೆಗಳಿಗೆ ಇನ್ನೂ ನೆನಪಿದೆ. ಅಂದು ನೀಟ್ ಪರೀಕ್ಷೆ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬರುವ ಹಂಪಿ ಎಕ್ಸ್‌ಪ್ರೆಸ್ ಹಲವು ಗಂಟೆ ತಡವಾಯಿತು. ಅದರಲ್ಲಿದ್ದ ನೂರಾರು ವಿದ್ಯಾರ್ಥಿಗಳು ಕೇಂದ್ರ ಮುಟ್ಟುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ವರ್ಷಗಟ್ಟಲೆ ಓದಿದ ಮಕ್ಕಳು ಹಾಲ್ ಟಿಕೆಟ್ ಹಿಡಿದು ರಸ್ತೆಯಲ್ಲಿ ನಿಂತರು. ಸುದ್ದಿ ದೇಶಕ್ಕೆಲ್ಲ ಹರಡಿ, ಅವರಿಗಾಗಿ ಮೇ 20ರಂದು ಮತ್ತೆ ಪರೀಕ್ಷೆ ನಡೆಯಿತು.

ಅದು ನ್ಯಾಯವಾದ ತೀರ್ಮಾನ. ಆದರೆ ಅಲ್ಲಿ ನೂರಾರು ಜನ ಒಂದೇ ರೈಲಿನಲ್ಲಿದ್ದರು. ಒಬ್ಬಳೇ ಹುಡುಗಿಯ ವಿಮಾನ ತಪ್ಪಿದರೆ ಪರೀಕ್ಷೆ ಮತ್ತೆ ನಡೆಯುವುದಿಲ್ಲ. ಆದ್ದರಿಂದ ದಿನ, ಹೊತ್ತು ಗೊತ್ತಾದ ಪರೀಕ್ಷೆಗೆ ಹಿಂದಿನ ದಿನವೇ ಆ ಊರು ಸೇರಿರಬೇಕು. ಸಂದರ್ಶನ, ಕೌನ್ಸೆಲಿಂಗ್‌ಗಳಲ್ಲಿ ಸ್ವಲ್ಪ ದಾರಿ ಇರುತ್ತದೆ. ತಡವಾಗುವುದು ಖಚಿತವಾದ ತಕ್ಷಣ, ಸಂದರ್ಶನ ಮುಗಿದ ಮೇಲಲ್ಲ, ಸಂಸ್ಥೆಗೆ ಫೋನು ಮಾಡಿ ಇ-ಮೇಲ್ ಕಳಿಸಬೇಕು. ಟಿಕೆಟ್ ಮತ್ತು ರದ್ದಾದ ಮೆಸೇಜು ಅದರ ಜೊತೆಗಿರಬೇಕು. ನಾಲ್ಕು ಸಾಲು ಸಾಕು. ಮೊದಲೇ ತಿಳಿಸಿದವರ ಮಾತಿಗೆ ಇರುವ ಬೆಲೆ ಆಮೇಲೆ ಹೇಳಿದವರ ಮಾತಿಗೆ ಇರುವುದಿಲ್ಲ.

ದೊಡ್ಡವರಿಗೂ ತಪ್ಪಿದ್ದಲ್ಲ

ವಿಮಾನ ಸಂಚಾರ ಎಷ್ಟು ಸೂಕ್ಷ್ಮವಾದ ಜೋಡಣೆ ಎಂಬುದು ಈಚಿನ ವರ್ಷಗಳಲ್ಲಿ ಎರಡು ಸಲ ಚೆನ್ನಾಗಿ ಕಂಡಿತು. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷದಿಂದ ಲೋಕದ ಉದ್ದಗಲಕ್ಕೂ ಕಂಪ್ಯೂಟರುಗಳು ಕೈಕೊಟ್ಟವು. ಹೈದರಾಬಾದ್ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ಟಿಕೆಟ್ ಮತ್ತು ಗುರುತಿನ ಚೀಟಿಯ ಕಾಗದದ ಪ್ರತಿ ಇಟ್ಟುಕೊಳ್ಳುವುದು ಹಳೆ ಕಾಲದ ಅಭ್ಯಾಸ ಎಂದು ನಗುವವರು ಆ ದಿನವನ್ನು ನೆನೆಯಬಹುದು.

2025ರ ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮ ನವೆಂಬರ್ 1ರಿಂದ ಪೂರ್ಣವಾಗಿ ಜಾರಿಯಾಗಿತ್ತು; ಅದಕ್ಕೆ ತಕ್ಕ ಸಿಬ್ಬಂದಿಯ ಹೊಂದಾಣಿಕೆ ಆಗಿರಲಿಲ್ಲ. ಬೆಂಗಳೂರು, ಹೈದರಾಬಾದ್ ನಿಲ್ದಾಣಗಳಲ್ಲಿ ಜನ ಪೆಟ್ಟಿಗೆಗಳ ಮೇಲೆ ತಲೆಯಿಟ್ಟು ಮಲಗಿದರು. ಉಳಿದ ಸಂಸ್ಥೆಗಳ ದರ ಗಗನಕ್ಕೇರಿದಾಗ ಸರ್ಕಾರ ತಾತ್ಕಾಲಿಕ ಮಿತಿ ಹಾಕಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, ಸಾವಿರದವರೆಗೆ 12,000. ರೈಲ್ವೆ ಹೆಚ್ಚುವರಿ ರೈಲು ಬಿಟ್ಟಿತು. ಪೈಲಟ್‌ಗೆ ವಿಶ್ರಾಂತಿ ಬೇಕೆನ್ನುವ ನಿಯಮ ಪ್ರಯಾಣಿಕರ ಜೀವ ಉಳಿಸಲು ಇರುವುದು. ಅದಕ್ಕೆ ಮೊದಲೇ ಸಿದ್ಧತೆ ಮಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ವಾರ ಪಾಠವಾಯಿತು.

ಪಾಲಕರಿಗೆ ಎರಡು ಮಾತು

ಕೌಂಟರಿನ ಆಚೆ ನಿಂತಿರುವವರು ಹೆಚ್ಚಾಗಿ ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಮಕ್ಕಳು. ವಿಮಾನ ರದ್ದು ಮಾಡಿದ್ದು ಅವರಲ್ಲ. ಅವರ ಮೇಲೆ ಕೂಗಾಡಿದರೆ ಸಿಗುವುದು ಮೌನ; ಶಾಂತವಾಗಿ ಕೇಳಿದರೆ ಸಿಗುವುದು ಮಾಹಿತಿ. ಹಕ್ಕನ್ನು ಗಟ್ಟಿಯಾಗಿ ಕೇಳಬೇಕು, ದನಿಯನ್ನು ಗಟ್ಟಿ ಮಾಡಬೇಕಾಗಿಲ್ಲ.

ಇನ್ನೊಂದು ಮಾತು ಮಕ್ಕಳ ಬಗ್ಗೆ. ಪಕ್ಕದಲ್ಲಿ ನಿಂತ ಮಗಳು ಅಪ್ಪನ ಮುಖವನ್ನೇ ನೋಡುತ್ತಿರುತ್ತಾಳೆ. 'ನಮ್ಮ ನಸೀಬೇ ಹಿಂಗ' ಎಂದು ಅಪ್ಪ ಅಂದುಬಿಟ್ಟರೆ ಆಕೆ ಸಂದರ್ಶನವನ್ನು ಅಲ್ಲಿಯೇ ಅರ್ಧ ಸೋತಂತೆ. ಫೋನು ಆಕೆಯ ಕೈಗೆ ಕೊಡಬೇಕು. ಈ ಕಾಲದ ಮಕ್ಕಳಿಗೆ ದಾರಿ ಹುಡುಕುವುದು ಗೊತ್ತು. ಖರ್ಚಿನ ಲೆಕ್ಕ ದೊಡ್ಡವರು ನೋಡಿಕೊಂಡರೆ ಸಾಕು.

ಬಸವಕಲ್ಯಾಣದ ಆ ಅಪ್ಪ-ಮಗಳ ಕಥೆಯನ್ನೂ ಮುಗಿಸಿಬಿಡಬಹುದು. ಶಂಷಾಬಾದ್‌ನ ಸಂಜೆಯ ಟಿಕೆಟ್ ಇಬ್ಬರಿಗೂ ಸೇರಿ ಕೈಗೆ ನಿಲುಕದ ಮಾತಾಗಿತ್ತು. ರೈಲಿನಲ್ಲಿ ಸೀಟು ಇರಲಿಲ್ಲ. ಬೀದರ್‌ನಲ್ಲಿ ನಿಂತೇ ಹುಮನಾಬಾದ್‌ನಿಂದ ಹೊರಡುವ ರಾತ್ರಿ ಬಸ್ಸಿಗೆ ಎರಡು ಸೀಟು ಮಾಡಿಸಿದರು. ಸಂದರ್ಶನದ ಕಚೇರಿಗೆ ನಾಲ್ಕು ಸಾಲಿನ ಇ-ಮೇಲ್ ಹೋಯಿತು. ರದ್ದಾದ ಪತ್ರ ಚೀಲ ಸೇರಿತು. ಅದಾದ ಮೇಲೆಯೇ ಅಪ್ಪ ಹಣ ವಾಪಸ್ ಎಂಬ ಆಯ್ಕೆಯನ್ನು ಒತ್ತಿದರು. ಹುಮನಾಬಾದ್‌ನ ಸಂಬಂಧಿಕರ ಮನೆಯಲ್ಲಿ ಮಧ್ಯಾಹ್ನ ಕಳೆದರು. ಮಗಳು ಮೂಲೆಯಲ್ಲಿ ಕೂತು ಟಿಪ್ಪಣಿ ಓದಿದಳು. ವಿಮಾನ ಹೊರಟಿದ್ದರೆ ಆ ಹೊತ್ತು ಓದಲು ಸಿಗುತ್ತಿರಲಿಲ್ಲ.

ಬಸ್ಸು ಹತ್ತುವಾಗ ಅಪ್ಪ ಕೇಳಿದರು: 'ವಿಮಾನ ಹತ್ತಬೇಕಂತ ಭಾಳ ಆಸಿ ಇತ್ತಲ್ಲವ್ವಾ?'

'ಬರೋವಾಗ ಹತ್ತೋಣ್ರಿ ಅಪ್ಪಾಜಿ,' ಎಂದಳು ಮಗಳು. 'ಆದ್ರ ಈ ಸಲ ನಂಬರ್ ನಂದ ಹಾಕಸ್ರಿ.'